ಕುರ್ಚಿ ಬಿಟ್ಟು ಕೀಲಿ ಇಟ್ಟುಕೊಂಡ ಅಧ್ಯಕ್ಷ: ಅಂಗೋಲಾದ ಅಧಿಕಾರ ಹಸ್ತಾಂತರದ ಒಂದು ಪ್ರಕರಣ ಅಧ್ಯಯನ

ಆಫ್ರಿಕಾದ ಅಂಗೋಲಾ ದೇಶದ ಹಣಕ್ಕೆ ಕ್ವಾಂಜಾ ಎಂದು ಹೆಸರು. 2012ರ ಸರಣಿಯ ಕ್ವಾಂಜಾ ನೋಟುಗಳ ಮೇಲೆ ಎರಡು ಮುಖಗಳಿದ್ದವು. ಒಂದು ದೇಶದ ಮೊದಲ ಅಧ್ಯಕ್ಷ ಆಗೊಸ್ಟಿನೊ ನೆಟೊ ಅವರದು, ಅದರ ಪಕ್ಕದಲ್ಲೇ ಎರಡನೆಯ ಅಧ್ಯಕ್ಷ ಜೋಸೆ ಎಡ್ವಾರ್ಡೊ ಡೋಸ್ ಸಾಂಟೋಸ್ ಅವರದು. ನೆಟೊ ತೀರಿಕೊಂಡು ಆಗಲೇ ಮೂವತ್ತು ವರ್ಷ ದಾಟಿತ್ತು. ಡೋಸ್ ಸಾಂಟೋಸ್ ಬದುಕಿದ್ದರು, ಆಳುತ್ತಲೂ ಇದ್ದರು. ಬೀದಿಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸಿನ ಸೆರಗಿನ ಗಂಟಿನಲ್ಲೂ ತೈಲ ಕಂಪನಿಯ ತಿಜೋರಿಯಲ್ಲೂ ಅವರ ಮುಖವಿತ್ತು. 2020ರಲ್ಲಿ ಹೊಸ ಸರಣಿಯ ನೋಟು ಬಂತು. ಅದರಲ್ಲಿ ನೆಟೊ ಒಬ್ಬರೇ ಉಳಿದಿದ್ದರು. ಮೂವತ್ತೆಂಟು ವರ್ಷ ದೇಶವನ್ನು ಆಳಿ ತಾವಾಗಿಯೇ ಕುರ್ಚಿ ಬಿಟ್ಟುಕೊಟ್ಟಿದ್ದ ಆ ಮನುಷ್ಯ ಆ ಹೊತ್ತಿಗೆ ಸ್ಪೇನಿನ ಬಾರ್ಸಿಲೋನಾದಲ್ಲಿದ್ದರು.

ಇದು ಕ್ರಾಂತಿಯಲ್ಲ, ಸೇನಾ ದಂಗೆಯೂ ಅಲ್ಲ. ಒಂದೇ ಪಕ್ಷದ ಒಳಗೆ, ಹಾರ ಹಾಕಿ ಅಪ್ಪಿಕೊಂಡು ನಡೆದ ಹಸ್ತಾಂತರ. ಬಿಟ್ಟುಕೊಟ್ಟವರು ಎಲ್ಲವನ್ನೂ ಮುಂಚಿತವಾಗಿ ಯೋಚಿಸಿದ್ದರು. ತಮ್ಮ ಜಾಗಕ್ಕೆ ಯಾರು, ಪಕ್ಷ ಯಾರ ಕೈಯಲ್ಲಿ, ತೈಲ ಯಾರ ಕೈಯಲ್ಲಿ, ಪೊಲೀಸ್ ಮತ್ತು ಸೇನೆ ಯಾರ ಮಾತು ಕೇಳಬೇಕು ಎಂಬುದೆಲ್ಲ ತೀರ್ಮಾನವಾಗಿತ್ತು. ಆ ಏರ್ಪಾಡು ಒಂದು ವರ್ಷವೂ ನಿಲ್ಲಲಿಲ್ಲ. ಏಕೆ ನಿಲ್ಲಲಿಲ್ಲ ಎಂಬುದೇ ಈ ಬರಹದ ವಿಷಯ.

ತೈಲದ ಎಂಜಿನಿಯರ್, ಯುದ್ಧದ ಅಧ್ಯಕ್ಷ

ಪೋರ್ಚುಗಲ್‌ನಿಂದ ಅಂಗೋಲಾ ಸ್ವತಂತ್ರವಾದದ್ದು 1975ರ ನವೆಂಬರ್ 11ರಂದು. ಸ್ವಾತಂತ್ರ್ಯದ ಜೊತೆಗೇ ಅಂತರ್ಯುದ್ಧವೂ ಬಂತು. ರಾಜಧಾನಿ ಲುವಾಂಡಾವನ್ನು ಹಿಡಿದಿದ್ದ ಎಂಪಿಎಲ್‌ಎ ಪಕ್ಷದ ಬೆನ್ನಿಗೆ ಸೋವಿಯತ್ ಒಕ್ಕೂಟ ಮತ್ತು ಕ್ಯೂಬಾ ನಿಂತವು. ಜೋನಸ್ ಸವಿಂಬಿಯ ಯುನಿಟಾ ಸಂಘಟನೆಯ ಬೆನ್ನಿಗೆ ಅಮೆರಿಕ ಮತ್ತು ದಕ್ಷಿಣ ಆಫ್ರಿಕಾ. 1979ರ ಸೆಪ್ಟೆಂಬರಿನಲ್ಲಿ ನೆಟೊ ಮಾಸ್ಕೋದಲ್ಲಿ ತೀರಿಕೊಂಡಾಗ ಪಕ್ಷದ ಹಿರಿಯರು ಮೂವತ್ತೇಳು ವರ್ಷದ ಡೋಸ್ ಸಾಂಟೋಸ್ ಅವರನ್ನು ಆರಿಸಿದರು. ಲುವಾಂಡಾದ ಸಂಬಿಜಾಂಗಾ ಎಂಬ ಬಡ ಬಡಾವಣೆಯಲ್ಲಿ ಹುಟ್ಟಿ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಬಾಕುವಿನಲ್ಲಿ ತೈಲ ಎಂಜಿನಿಯರಿಂಗ್ ಓದಿದವರು. ಮೆಲುಮಾತಿನವರು, ಮುಖದಲ್ಲಿ ಏನನ್ನೂ ತೋರಿಸದವರು. ಬಣಗಳ ನಡುವೆ ಯಾರಿಗೂ ತೊಂದರೆ ಕೊಡದ ಯುವಕ ಎಂಬುದೇ ಅವರ ಅರ್ಹತೆಯಾಗಿತ್ತು ಎಂದು ಹೇಳುವವರಿದ್ದಾರೆ. ಮುಂದಿನ ಮೂವತ್ತೆಂಟು ವರ್ಷ ಅವರನ್ನು ಅಲ್ಲಿಂದ ಕದಲಿಸಲು ಯಾರಿಗೂ ಆಗಲಿಲ್ಲ.

1992ರ ಸೆಪ್ಟೆಂಬರಿನಲ್ಲಿ ದೇಶದ ಮೊದಲ ಅಧ್ಯಕ್ಷೀಯ ಚುನಾವಣೆ ನಡೆಯಿತು. ಡೋಸ್ ಸಾಂಟೋಸ್‌ಗೆ ಶೇ 49.57, ಸವಿಂಬಿಗೆ ಶೇ 40.07. ಅರ್ಧಕ್ಕಿಂತ ತುಸು ಕಡಿಮೆಯಾದ್ದರಿಂದ ಎರಡನೆಯ ಸುತ್ತು ನಡೆಯಬೇಕಿತ್ತು. ಸವಿಂಬಿ ಫಲಿತಾಂಶವನ್ನು ಒಪ್ಪಲಿಲ್ಲ, ಯುದ್ಧ ಮತ್ತೆ ಹತ್ತಿಕೊಂಡಿತು, ಎರಡನೆಯ ಸುತ್ತು ನಡೆಯಲೇ ಇಲ್ಲ. 2002ರ ಫೆಬ್ರುವರಿ 22ರಂದು ಸವಿಂಬಿ ಗುಂಡಿಗೆ ಬಲಿಯಾದ ಮೇಲೆ, ಏಪ್ರಿಲಿನಲ್ಲಿ ಶಾಂತಿ ಒಪ್ಪಂದವಾಯಿತು. ಇಪ್ಪತ್ತೇಳು ವರ್ಷದ ಆ ಯುದ್ಧದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂಬ ಅಂದಾಜಿದೆ. ಯುದ್ಧ ಮುಗಿಸಿದವರು ಎಂಬ ಗೌರವ ಡೋಸ್ ಸಾಂಟೋಸ್‌ಗೆ ಸಂದಿತು, ಅದು ಸಲ್ಲಬೇಕಾದದ್ದೇ. ಅವರನ್ನು ಕಟುವಾಗಿ ಟೀಕಿಸುವ ಅಂಗೋಲನ್ನರೂ ಆ ಮಾತನ್ನು ಅಲ್ಲಗಳೆಯುವುದಿಲ್ಲ.

ಅದಾದ ಮೇಲೆ ತೈಲದ ಹಣ ಹರಿಯಿತು. ರಫ್ತಿನ ಶೇ 90ಕ್ಕೂ ಹೆಚ್ಚು ಪಾಲು ಕಚ್ಚಾ ತೈಲವೇ ಆಗಿದ್ದ ದೇಶ ಅದು. ಚೀನಾ ಸಾಲ ಕೊಟ್ಟಿತು, ತೈಲದಲ್ಲಿ ತೀರುವಳಿ ಪಡೆಯಿತು. ಲುವಾಂಡಾದ ಕೊಲ್ಲಿಯ ಅಂಚಿನಲ್ಲಿ ಗಾಜಿನ ಗೋಪುರಗಳು ಎದ್ದವು. ಅವುಗಳ ಹಿಂದೆ ‘ಮುಸೆಕೆ’ ಎಂದು ಕರೆಯುವ ತಗಡಿನ ಸೂರಿನ ಕೊಳೆಗೇರಿಗಳು ಹಬ್ಬಿದವು. ಲಂಚಕ್ಕೆ ಅಲ್ಲಿ ‘ಗಸೋಸಾ’ ಎನ್ನುತ್ತಾರೆ, ಅಂದರೆ ಸೋಡಾದಂಥ ತಂಪು ಪಾನೀಯ. ನಮ್ಮ ಕಚೇರಿಗಳಲ್ಲಿ ‘ಕಾಫಿ ಖರ್ಚಿಗೆ’ ಎಂದು ಕೇಳುವಂತೆ ಅಲ್ಲಿ ಪೊಲೀಸ್ ಪೇದೆ ಗಸೋಸಾ ಕೇಳುತ್ತಾನೆ. ಮೇಲಿನವರ ಲೂಟಿಗೆ ಇನ್ನೊಂದು ಗಾದೆ ಇದೆ: ಮೇಕೆ ಕಟ್ಟಿದಲ್ಲೇ ಮೇಯುತ್ತದೆ. ಯಾರನ್ನು ಯಾವ ಹುದ್ದೆಗೆ ಕಟ್ಟಿದ್ದಾರೋ ಅವರು ಅಲ್ಲಿಯ ಹುಲ್ಲು ತಿನ್ನುವುದು ಸಹಜ ಎಂದು ಜನ ಒಪ್ಪಿಕೊಂಡುಬಿಟ್ಟ ಸ್ಥಿತಿಯನ್ನು ಆ ಒಂದು ಸಾಲು ಹೇಳುತ್ತದೆ.

ಒಂದು ಮತ, ಎಲ್ಲ ಅಧಿಕಾರ

ಈ ಪ್ರಕರಣದ ಬೇರು 2010ರ ಸಂವಿಧಾನದಲ್ಲಿದೆ. 2008ರ ಸಂಸತ್ ಚುನಾವಣೆಯಲ್ಲಿ ಎಂಪಿಎಲ್‌ಎಗೆ ಶೇ 81ರಷ್ಟು ಮತ ಬಿದ್ದಿತ್ತು. ಮರುವರ್ಷ ಅಧ್ಯಕ್ಷೀಯ ಚುನಾವಣೆ ನಡೆಯಬೇಕಿತ್ತು. ಅದನ್ನು ನಡೆಸುವ ಬದಲು ಹೊಸ ಸಂವಿಧಾನವನ್ನು ತಂದರು, ಅಧ್ಯಕ್ಷರ ನೇರ ಚುನಾವಣೆಯನ್ನೇ ತೆಗೆದುಹಾಕಿದರು. ಮತದಾರನ ಕೈಗೆ ಬರುವುದು ಒಂದೇ ಮತಪತ್ರ. ಅವನು ಪಕ್ಷಕ್ಕೆ ಮತ ಹಾಕುತ್ತಾನೆ. ಹೆಚ್ಚು ಮತ ಪಡೆದ ಪಕ್ಷದ ಪಟ್ಟಿಯಲ್ಲಿ ಮೊದಲ ಹೆಸರು ಯಾರದೋ ಅವರು ದೇಶದ ಅಧ್ಯಕ್ಷರು, ಎರಡನೆಯ ಹೆಸರಿನವರು ಉಪಾಧ್ಯಕ್ಷರು. ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ನಿಯಮವಿಲ್ಲ, ಎರಡನೆಯ ಸುತ್ತಿಲ್ಲ. ಪ್ರಧಾನಿಯ ಹುದ್ದೆಯನ್ನೂ ರದ್ದು ಮಾಡಿದರು. ಆಗ ವಿರೋಧ ಪಕ್ಷವಾಗಿದ್ದ ಯುನಿಟಾ, ಈ ಸಂವಿಧಾನದ ಮೇಲೆ ಸಂಸತ್ತಿನಲ್ಲಿ ನಡೆದ ಮತದಾನವನ್ನು ಬಹಿಷ್ಕರಿಸಿ ಹೊರಗುಳಿಯಿತು.

ಅಧ್ಯಕ್ಷರ ಅಧಿಕಾರದ ಪಟ್ಟಿಯನ್ನು ಓದಿದರೆ ಉಸಿರು ಕಟ್ಟುತ್ತದೆ. ಮಂತ್ರಿಗಳು, ಪ್ರಾಂತ್ಯಗಳ ರಾಜ್ಯಪಾಲರು, ಕೇಂದ್ರ ಬ್ಯಾಂಕಿನ ಗವರ್ನರ್, ಅಟಾರ್ನಿ ಜನರಲ್, ಸೇನಾ ಮುಖ್ಯಸ್ಥ, ಪೊಲೀಸ್ ಮುಖ್ಯಸ್ಥ, ಗುಪ್ತಚರ ಸಂಸ್ಥೆಗಳ ಮುಖ್ಯಸ್ಥರು, ಉನ್ನತ ನ್ಯಾಯಾಲಯಗಳ ಹಲವು ನ್ಯಾಯಾಧೀಶರು, ಎಲ್ಲರ ನೇಮಕವೂ ಒಂದೇ ಸಹಿಯಿಂದ. ಸರ್ಕಾರಿ ಕಂಪನಿಗಳೂ ಆ ಸಹಿಯ ಕೆಳಗೇ. ಈ ಅಂಗಿಯನ್ನು ಡೋಸ್ ಸಾಂಟೋಸ್ ಅವರ ಅಳತೆಗೆ ಹೊಲಿದರು ಎಂದು ಆಗ ಎಲ್ಲರೂ ಮಾತಾಡಿಕೊಂಡರು. ಅದನ್ನು ಬೇರೆಯವರು ತೊಡುವ ದಿನ ಬಂದರೆ ಏನಾದೀತು ಎಂಬುದು ಹೊಲಿಸಿಕೊಂಡವರ ಲೆಕ್ಕದಲ್ಲಿ ಇದ್ದಂತೆ ಕಾಣುವುದಿಲ್ಲ.

2014ರ ಮಧ್ಯದಲ್ಲಿ ಬ್ಯಾರೆಲ್‌ಗೆ ನೂರು ಡಾಲರ್ ದಾಟಿದ್ದ ತೈಲದ ಬೆಲೆ 2016ರ ಆರಂಭಕ್ಕೆ ಮೂವತ್ತರ ಕೆಳಗಿಳಿಯಿತು. ಡಾಲರ್ ಸಿಗದಂತಾಯಿತು. ಲುವಾಂಡಾದ ಬೀದಿಗಳಲ್ಲಿ ಕಸ ಎತ್ತಲು ಹಣವಿಲ್ಲದೆ ರಾಶಿ ಬಿದ್ದಿತು, ಹಳದಿ ಜ್ವರ ಹಬ್ಬಿತು, ನೂರಾರು ಜನ ಸತ್ತರು. 2015ರ ಜೂನಿನಲ್ಲಿ ಒಂದು ಪುಸ್ತಕ ಓದಲು ಕೂಡಿದ್ದ ಯುವಕರನ್ನು ಬಂಧಿಸಿ ದಂಗೆಯ ಸಂಚಿನ ಆರೋಪ ಹೊರಿಸಲಾಯಿತು. ಅವರಲ್ಲೊಬ್ಬರಾದ ರ‍್ಯಾಪ್ ಗಾಯಕ ಲುವಾಟಿ ಬೈರಾವೊ ಮೂವತ್ತಾರು ದಿನ ಉಪವಾಸ ಕೂತರು. ಜಗತ್ತು ಅಂಗೋಲಾದ ಕಡೆ ತಿರುಗಿ ನೋಡಿತು. 2016ರ ಮಾರ್ಚಿನಲ್ಲಿ ಡೋಸ್ ಸಾಂಟೋಸ್ ತಾವು 2018ರಲ್ಲಿ ಸಕ್ರಿಯ ರಾಜಕೀಯ ಬಿಡುವುದಾಗಿ ಹೇಳಿದರು. 2001ರಲ್ಲೂ ಹೀಗೇ, ಮುಂದೆ ಸ್ಪರ್ಧಿಸುವುದಿಲ್ಲ ಎಂಬ ಮಾತು ಬಂದಿತ್ತು, ಮರೆತೂ ಹೋಗಿತ್ತು. ಈ ಸಲವೂ ಬಹಳ ಜನ ನಂಬಲಿಲ್ಲ.

ಕಾದು ಕುಳಿತವರು

ಉತ್ತರಾಧಿಕಾರಿಯಾಗಿ ಬಂದವರು ಜೊವಾವೊ ಲೊರೆನ್ಸೊ. 1954ರಲ್ಲಿ ಕರಾವಳಿಯ ಲೊಬಿಟೊದಲ್ಲಿ ಹುಟ್ಟಿದವರು, ಸೋವಿಯತ್ ಒಕ್ಕೂಟದಲ್ಲಿ ಸೈನಿಕ ಮತ್ತು ರಾಜಕೀಯ ಶಿಕ್ಷಣ ಪಡೆದವರು, ಜನರಲ್. 1998ರಿಂದ 2003ರವರೆಗೆ ಪಕ್ಷದ ಪ್ರಧಾನ ಕಾರ್ಯದರ್ಶಿ. 2001ರ ಆ ಮಾತನ್ನು ನಿಜವೆಂದು ನಂಬಿ, ಅಧ್ಯಕ್ಷ ಪದವಿಯ ಆಸೆಯನ್ನು ಮರೆಮಾಚದೆ ತೋರಿಸಿದ್ದು ಅವರಿಗೆ ಮುಳುವಾಯಿತು. ಹುದ್ದೆ ಹೋಯಿತು. ಸಂಸತ್ತಿನ ಉಪಾಧ್ಯಕ್ಷ ಸ್ಥಾನದಲ್ಲಿ ಹತ್ತು ವರ್ಷ ಸದ್ದಿಲ್ಲದೆ ಕುಳಿತರು. 2014ರಲ್ಲಿ ರಕ್ಷಣಾ ಮಂತ್ರಿಯಾಗಿ ಮರಳಿದರು. ಹತ್ತು ವರ್ಷ ಬಾಯಿ ಕಟ್ಟಿಕೊಂಡು ಕಾದ ಮನುಷ್ಯನ ಮನಸ್ಸಿನಲ್ಲಿ ಏನಿತ್ತೆಂದು ಡೋಸ್ ಸಾಂಟೋಸ್ ಕೇಳಿಕೊಳ್ಳಬೇಕಿತ್ತು ಎಂದು ನನಗೆ ಅನಿಸುತ್ತದೆ. ಬಹುಶಃ ಒಮ್ಮೆ ಪೆಟ್ಟು ತಿಂದವನು ಮತ್ತೆ ತಲೆ ಎತ್ತುವುದಿಲ್ಲ ಎಂದು ಅವರು ಭಾವಿಸಿದರು.

ಬಿಟ್ಟುಹೋಗುವ ಮುನ್ನ ಕೀಲಿಗಳನ್ನು ಹಂಚಿದ ರೀತಿ ಹೀಗಿತ್ತು. ಪಕ್ಷದ ಅಧ್ಯಕ್ಷ ಸ್ಥಾನವನ್ನು ತಾವೇ ಇಟ್ಟುಕೊಂಡರು. ತೈಲ ಕಂಪನಿ ಸೊನಾಂಗೋಲ್‌ನ ಮುಖ್ಯಸ್ಥೆಯಾಗಿ 2016ರ ಜೂನಿನಲ್ಲಿ ಮಗಳು ಇಸಾಬೆಲ್ ಅವರನ್ನು ಕೂರಿಸಿದರು. ದೂರವಾಣಿ, ಬ್ಯಾಂಕು, ಸಿಮೆಂಟು, ವಜ್ರ ಎಲ್ಲದರಲ್ಲೂ ಪಾಲಿದ್ದ ಆಕೆಯನ್ನು ಫೋರ್ಬ್ಸ್ ಪತ್ರಿಕೆ 2013ರಲ್ಲೇ ಆಫ್ರಿಕಾದ ಮೊದಲ ಮಹಿಳಾ ಶತಕೋಟ್ಯಧಿಪತಿ ಎಂದು ಎಣಿಸಿತ್ತು. ತೈಲದ ಆದಾಯವನ್ನು ಹೂಡಿಕೆ ಮಾಡುವ ಸರ್ಕಾರಿ ನಿಧಿ, ಅಂದರೆ ಐನೂರು ಕೋಟಿ ಡಾಲರಿನ ಸಾರ್ವಭೌಮ ನಿಧಿ, ಮಗ ಜೋಸೆ ಫಿಲೊಮೆನೊ ಅವರ ಕೈಯಲ್ಲಿತ್ತು. ಸರ್ಕಾರಿ ಟಿವಿಯ ಎರಡನೆಯ ವಾಹಿನಿಯನ್ನು ನಡೆಸುವ ಗುತ್ತಿಗೆ ಇನ್ನಿಬ್ಬರು ಮಕ್ಕಳ ಕಂಪನಿಗೆ ಸಿಕ್ಕಿತ್ತು. ಕೊನೆಗೆ 2017ರ ಜುಲೈನಲ್ಲಿ, ಚುನಾವಣೆಗೆ ಒಂದು ತಿಂಗಳಿರುವಾಗ, ಸೇನೆ, ಪೊಲೀಸ್ ಮತ್ತು ಗುಪ್ತಚರ ಮುಖ್ಯಸ್ಥರಿಗೆ ಎಂಟು ವರ್ಷಗಳ ಅವಧಿಯ ರಕ್ಷಣೆ ಕೊಡುವ ಕಾನೂನು ಸಂಸತ್ತಿನಲ್ಲಿ ಪಾಸಾಯಿತು. ಬರುವ ಅಧ್ಯಕ್ಷ ತನ್ನ ಸುತ್ತ ನಿಂತ ಬಂದೂಕುಗಳನ್ನೂ ಬದಲಿಸದಂತೆ ಮಾಡುವ ಏರ್ಪಾಡು ಅದು.

ಆಗಸ್ಟ್ 23ರಂದು ಮತದಾನವಾಯಿತು. ಎಂಪಿಎಲ್‌ಎಗೆ ಶೇ 61, 220 ಸ್ಥಾನಗಳಲ್ಲಿ 150. ಸೆಪ್ಟೆಂಬರ್ 26ರಂದು ಲೊರೆನ್ಸೊ ಪ್ರಮಾಣವಚನ ಸ್ವೀಕರಿಸಿದರು. ಚುನಾವಣೆಯ ಮುನ್ನ ಒಬ್ಬ ವರದಿಗಾರ ಅವರನ್ನು ನೀವು ಅಂಗೋಲಾದ ಗೋರ್ಬಚೇವ್ ಆಗುವಿರಾ ಎಂದು ಕೇಳಿದ್ದಕ್ಕೆ ಇಲ್ಲ, ಚೀನಾದ ಡೆಂಗ್ ಷಿಯಾವೊಪಿಂಗ್ ಆಗಬಯಸುತ್ತೇನೆ ಎಂದಿದ್ದರು. ಪಕ್ಷ ಉಳಿಯಬೇಕು, ಆರ್ಥಿಕತೆ ಬದಲಾಗಬೇಕು ಎಂಬುದು ಅದರ ಅರ್ಥ. ಆ ಉತ್ತರವನ್ನು ಅಂದು ಹೆಚ್ಚು ಜನ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಇವರು ಹಳೆಯ ಅಧ್ಯಕ್ಷರ ಕೈಗೊಂಬೆಯಾಗುತ್ತಾರೆ ಎಂಬುದೇ ಲುವಾಂಡಾದ ಸಾಮಾನ್ಯ ಅಭಿಪ್ರಾಯವಾಗಿತ್ತು.

ಎರಡು ತಲೆಯ ಒಂದು ವರ್ಷ

ಮೊದಲ ಐವತ್ತು ದಿನಗಳಲ್ಲೇ ಆ ಅಭಿಪ್ರಾಯ ಬಿದ್ದುಹೋಯಿತು. ಅಕ್ಟೋಬರಿನಲ್ಲಿ ಕೇಂದ್ರ ಬ್ಯಾಂಕಿನ ಗವರ್ನರ್ ಬದಲಾದರು. ನವೆಂಬರ್ 15ರಂದು ಇಸಾಬೆಲ್ ಅವರನ್ನು ಸೊನಾಂಗೋಲ್‌ನಿಂದ ತೆಗೆದುಹಾಕಿದ ಆದೇಶ ಹೊರಬಿತ್ತು. ಅದೇ ಸುಮಾರಿಗೆ ಟಿವಿ ವಾಹಿನಿಯ ಗುತ್ತಿಗೆಯೂ ರದ್ದಾಯಿತು. ಐದು ದಿನ ಕಳೆಯುವಷ್ಟರಲ್ಲಿ ಪೊಲೀಸ್ ಮುಖ್ಯಸ್ಥರೂ ಸೇನಾ ಗುಪ್ತಚರ ಮುಖ್ಯಸ್ಥರೂ ಮನೆಗೆ ಹೋದರು. ಎಂಟು ವರ್ಷದ ರಕ್ಷಣೆಯ ಕಾನೂನು ಕಾಗದದ ಮೇಲಿತ್ತು. ನೇಮಿಸುವ ಮತ್ತು ತೆಗೆಯುವ ಅಧಿಕಾರ ಸಂವಿಧಾನದಲ್ಲಿತ್ತು. 2018ರ ಜನವರಿಯಲ್ಲಿ ಸಾರ್ವಭೌಮ ನಿಧಿಯಿಂದ ಮಗನನ್ನೂ ಇಳಿಸಿದರು. ಪೋರ್ಚುಗೀಸ್‌ನಲ್ಲಿ ಹುದ್ದೆಯಿಂದ ಬಿಡುಗಡೆ ಮಾಡುವುದಕ್ಕೆ ‘ಎಕ್ಸೊನೆರಾರ್’ ಎನ್ನುತ್ತಾರೆ. ಆ ಶುಷ್ಕ ಸರ್ಕಾರಿ ಪದ ಮಾರುಕಟ್ಟೆಯ ಮಾತಾಯಿತು, ಬಿಡುವಿಲ್ಲದೆ ವಜಾ ಮಾಡುವವ ಎಂಬ ಅಡ್ಡಹೆಸರು ಲೊರೆನ್ಸೊಗೆ ಅಂಟಿತು. ಆ ತಿಂಗಳುಗಳಲ್ಲಿ ಜನರಲ್ಲಿ ಹುಟ್ಟಿದ ಸಂತೋಷ ನಿಜವಾದದ್ದು. ಮುಟ್ಟಲಾಗದವರೆಂದು ತಿಳಿದಿದ್ದವರನ್ನು ಮುಟ್ಟಬಹುದೆಂದು ಒಂದು ಪೀಳಿಗೆ ಮೊದಲ ಸಲ ಕಂಡಿತು.

ಆದರೆ ಪಕ್ಷ ಇನ್ನೂ ಹಳೆಯವರ ಕೈಯಲ್ಲಿತ್ತು. ದೇಶದ ಅಧ್ಯಕ್ಷರು ಪಕ್ಷದ ಸಭೆಗೆ ಬಂದರೆ ಅಲ್ಲಿ ಉಪಾಧ್ಯಕ್ಷರಾಗಿ ಕೆಳಗಿನ ಆಸನದಲ್ಲಿ ಕೂರಬೇಕು. ಅಂಗೋಲಾದ ಪತ್ರಿಕೆಗಳು ಇದಕ್ಕೆ ‘ಬಿಸೆಫಾಲಿಯಾ’ ಎಂದು ಹೆಸರಿಟ್ಟವು, ಒಂದು ದೇಹಕ್ಕೆ ಎರಡು ತಲೆ. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಸುವುದಿಲ್ಲ ಎನ್ನುವ ನಮ್ಮ ಮಾತು ಅದಕ್ಕೆ ಇನ್ನೂ ಹತ್ತಿರವಾದದ್ದು. 2018ರ ಮಾರ್ಚಿನಲ್ಲಿ ಡೋಸ್ ಸಾಂಟೋಸ್, ಪಕ್ಷದ ವಿಶೇಷ ಮಹಾಧಿವೇಶನವನ್ನು ಡಿಸೆಂಬರಿನಲ್ಲೋ ಮರುವರ್ಷದ ಏಪ್ರಿಲಿನಲ್ಲೋ ಇಟ್ಟುಕೊಳ್ಳೋಣ ಎಂದರು. ಇನ್ನೊಂದು ವರ್ಷ ತಳ್ಳಿದರೆ ಗಾಳಿ ತಿರುಗಬಹುದೆಂಬ ಎಣಿಕೆ ಇದ್ದೀತು. ಕೇಂದ್ರ ಸಮಿತಿಯ ಸದಸ್ಯರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಮಂತ್ರಿಗಿರಿ, ರಾಜ್ಯಪಾಲರ ಹುದ್ದೆ, ಗುತ್ತಿಗೆ, ಎಲ್ಲವೂ ಈಗ ಬರುವುದು ಇನ್ನೊಬ್ಬರ ಸಹಿಯಿಂದ ಎಂದು ಅವರೆಲ್ಲರಿಗೂ ಗೊತ್ತಾಗಿತ್ತು. ಅಧಿವೇಶನ ಸೆಪ್ಟೆಂಬರ್ 8ಕ್ಕೆ ನಿಗದಿಯಾಯಿತು. ಬೀಳ್ಕೊಡುಗೆಯ ಭಾಷಣದಲ್ಲಿ ಡೋಸ್ ಸಾಂಟೋಸ್ ತಮ್ಮಿಂದ ತಪ್ಪುಗಳಾಗಿವೆ ಎಂದು ಒಪ್ಪಿಕೊಂಡು, ತಲೆಯೆತ್ತಿ ಹೊರಡುತ್ತಿದ್ದೇನೆ ಎಂಬ ಅರ್ಥದ ಮಾತಾಡಿದರು. ಲೊರೆನ್ಸೊ ಪಕ್ಷದ ಅಧ್ಯಕ್ಷರಾದರು. ಸೆಪ್ಟೆಂಬರ್ 24ರಂದು ಜೋಸೆ ಫಿಲೊಮೆನೊ ಅವರ ಬಂಧನವಾಯಿತು. ಎರಡು ಘಟನೆಗಳ ನಡುವೆ ಇದ್ದದ್ದು ಹದಿನಾರು ದಿನ.

ಕಣಜಗಳು

2018ರ ನವೆಂಬರಿನಲ್ಲಿ ಲೊರೆನ್ಸೊ ಲಿಸ್ಬನ್‌ಗೆ ಹೋದರು. ಅಂಗೋಲಾದ ಮಾಜಿ ಉಪಾಧ್ಯಕ್ಷ ಮಾನುವೆಲ್ ವಿಸೆಂಟೆ ಅವರ ಮೇಲೆ ಪೋರ್ಚುಗಲ್‌ನಲ್ಲಿ ನಡೆದಿದ್ದ ಲಂಚದ ಮೊಕದ್ದಮೆಯಿಂದ ಎರಡೂ ದೇಶಗಳ ಸಂಬಂಧ ಹದಗೆಟ್ಟಿತ್ತು. ಆ ವರ್ಷದ ಮೇ ತಿಂಗಳಲ್ಲಿ ಲಿಸ್ಬನ್ನಿನ ಮೇಲ್ಮನವಿ ನ್ಯಾಯಾಲಯ ಮೊಕದ್ದಮೆಯನ್ನು ಲುವಾಂಡಾಕ್ಕೆ ವರ್ಗಾಯಿಸಿದ ಮೇಲೆ ತಿಳಿಯಾಗಿತ್ತು. ಭ್ರಷ್ಟರ ಬೇಟೆಗಾರ ಎನಿಸಿಕೊಂಡ ಅಧ್ಯಕ್ಷರೇ ಆ ಒಬ್ಬರ ವಿಚಾರಣೆ ವಿದೇಶದಲ್ಲಿ ನಡೆಯಬಾರದೆಂದು ಹಟ ಹಿಡಿದಿದ್ದರು ಎಂಬುದನ್ನು ಮರೆಯಬಾರದು. ಲಿಸ್ಬನ್ನಿನಲ್ಲಿ ಲೊರೆನ್ಸೊ ಆಡಿದ ಒಂದು ಪದ ಪ್ರಸಿದ್ಧವಾಯಿತು: ‘ಮರಿಂಬೊಂಡೊ’. ಅಂದರೆ ಕಣಜದ ಹುಳು. ಗೂಡಿಗೆ ಕೈ ಹಾಕಿದರೆ ಕಚ್ಚುತ್ತವೆಂದು ಗೊತ್ತಿದ್ದೇ ಕೈ ಹಾಕಿದ್ದೇವೆ ಎಂಬುದು ಅವರ ಮಾತಿನ ಸಾರ. ಕನ್ನಡದಲ್ಲಿ ಕಣಜವೆಂದರೆ ಕಚ್ಚುವ ಹುಳುವೂ ಹೌದು, ಧಾನ್ಯ ತುಂಬಿಡುವ ಉಗ್ರಾಣವೂ ಹೌದು. ಅಂಗೋಲಾದಲ್ಲಿ ಹುಳು ಗೂಡು ಕಟ್ಟಿದ್ದು ಉಗ್ರಾಣದಲ್ಲೇ ಆದ್ದರಿಂದ ಈ ಪ್ರಕರಣವನ್ನು ಹೇಳಲು ನಮ್ಮ ಭಾಷೆಗೆ ಒಂದೇ ಪದ ಸಾಕು.

ಮಗನ ಮೇಲಿನ ಮೊಕದ್ದಮೆ, ಕೇಂದ್ರ ಬ್ಯಾಂಕಿನಿಂದ 2017ರಲ್ಲಿ ಲಂಡನ್ನಿನ ಖಾತೆಯೊಂದಕ್ಕೆ ಹೋದ 50 ಕೋಟಿ ಡಾಲರಿನದು. ಆ ಹಣ ವಾಪಸಾಯಿತು. 2020ರ ಆಗಸ್ಟಿನಲ್ಲಿ ಅವರಿಗೆ ಐದು ವರ್ಷ, ಕೇಂದ್ರ ಬ್ಯಾಂಕಿನ ಹಿಂದಿನ ಗವರ್ನರ್‌ಗೆ ಎಂಟು ವರ್ಷ ಶಿಕ್ಷೆಯಾಯಿತು. 2024ರಲ್ಲಿ ಸಂವಿಧಾನ ನ್ಯಾಯಾಲಯ ಆ ತೀರ್ಪನ್ನು ಸಂವಿಧಾನಬಾಹಿರವೆಂದು ಹೇಳಿತು. ಮಗಳ ಆಸ್ತಿಯನ್ನು ಲುವಾಂಡಾದ ನ್ಯಾಯಾಲಯ 2019ರ ಡಿಸೆಂಬರಿನಲ್ಲಿ ಮುಟ್ಟುಗೋಲು ಹಾಕಿತು. ಮರುತಿಂಗಳು ಅಂತರರಾಷ್ಟ್ರೀಯ ಪತ್ರಕರ್ತರ ಒಕ್ಕೂಟವೊಂದು ಅವರ ವ್ಯವಹಾರಗಳ ಲಕ್ಷಗಟ್ಟಲೆ ದಾಖಲೆಗಳನ್ನು ‘ಲುವಾಂಡಾ ಲೀಕ್ಸ್’ ಹೆಸರಿನಲ್ಲಿ ಬಯಲಿಗಿಟ್ಟಿತು. ಇಸಾಬೆಲ್ ಎಲ್ಲ ಆರೋಪಗಳನ್ನೂ ನಿರಾಕರಿಸಿದ್ದಾರೆ. ಇದು ರಾಜಕೀಯ ಸೇಡು ಎಂಬುದು ಅವರ ನಿಲುವು. 2020ರಲ್ಲಿ ಲೊರೆನ್ಸೊ ಒಂದು ಸಂದರ್ಶನದಲ್ಲಿ, ಹಿಂದಿನ ಆಡಳಿತದಲ್ಲಿ ಕನಿಷ್ಠ 2,400 ಕೋಟಿ ಡಾಲರ್ ಲೂಟಿಯಾಗಿದೆ ಎಂದು ಲೆಕ್ಕ ಕೊಟ್ಟರು. ಹೊರಗಿಟ್ಟ ಹಣವನ್ನು ತಾವಾಗಿಯೇ ತಂದರೆ ಪ್ರಶ್ನಿಸುವುದಿಲ್ಲ ಎಂದು 2018ರಲ್ಲಿ ಆರು ತಿಂಗಳ ಗಡುವು ಕೊಟ್ಟಿದ್ದರು. ಹೇಳಿಕೊಳ್ಳುವಷ್ಟು ಯಾರೂ ತರಲಿಲ್ಲ.

ಮುಟ್ಟುಗೋಲಿನ ಆಸ್ತಿ, ಸರ್ಕಾರಿ ಕಂಪನಿಗಳು ಮಾರಾಟಕ್ಕೆ ಬಂದವು. 2019ರ ಖಾಸಗೀಕರಣದ ಪಟ್ಟಿಯಲ್ಲಿ 195 ಸಂಸ್ಥೆಗಳಿದ್ದವು. ನಾವು ‘ಲಿಲಾವು’ ಎನ್ನುವ ಪದ ಪೋರ್ಚುಗೀಸರ ‘ಲೆಲಾವ್’ನಿಂದಲೇ ಬಂದದ್ದು. ಲುವಾಂಡಾದ ಪತ್ರಿಕೆಯ ಮಾರಾಟದ ಜಾಹೀರಾತನ್ನು ಓದಿ ಹೇಳಿದರೆ ಕಾರವಾರದ ಹಿರಿಯರಿಗೆ ಆ ಒಂದು ಪದವಾದರೂ ತಿಳಿಯುತ್ತದೆ.

ಏಕೆ ಹೀಗಾಯಿತು?

ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ಲೊರೆನ್ಸೊ ಅವರ ಧೈರ್ಯ, ಅಥವಾ ಅವರ ದ್ರೋಹ. ಹೇಳುವವರು ಯಾವ ಕಡೆಯವರು ಎಂಬುದರ ಮೇಲೆ ಪದ ಬದಲಾಗುತ್ತದೆ. ಎರಡೂ ವ್ಯಕ್ತಿಯ ಗುಣದ ವಿವರಣೆಗಳು. ನನಗೆ ಅವು ಸಾಲುವುದಿಲ್ಲ. ಲೊರೆನ್ಸೊ ಜಾಗದಲ್ಲಿ ಇನ್ನೊಬ್ಬ ಎಂಪಿಎಲ್‌ಎ ನಾಯಕರಿದ್ದರೂ, ವೇಗ ತುಸು ಕಡಿಮೆಯಾಗುತ್ತಿತ್ತೇನೋ, ದಿಕ್ಕು ಇದೇ ಆಗಿರುತ್ತಿತ್ತು ಎಂಬುದು ನನ್ನ ತೀರ್ಮಾನ.

ಡೋಸ್ ಸಾಂಟೋಸ್ ಇಟ್ಟುಕೊಂಡ ಪ್ರತಿಯೊಂದು ಕೀಲಿಯೂ ತೆರೆಯುತ್ತಿದ್ದದ್ದು ಅಧ್ಯಕ್ಷರ ಕಚೇರಿಯ ಬೀಗವನ್ನೇ. ಸೊನಾಂಗೋಲ್‌ನಲ್ಲಿ ಮಗಳು ಕೂತಿದ್ದು ಅಧ್ಯಕ್ಷರ ಆದೇಶದಿಂದ; ಇನ್ನೊಂದು ಆದೇಶ ಆಕೆಯನ್ನು ಎಬ್ಬಿಸಿತು. ನಿಧಿಯ ಕಥೆಯೂ ಅದೇ. ಪೊಲೀಸ್ ಮುಖ್ಯಸ್ಥರಿಗೆ ಸಂಸತ್ತು ಕೊಟ್ಟ ಭರವಸೆಯನ್ನು ಎತ್ತಿಹಿಡಿಯಲು ಬೇಕಿದ್ದ ಸ್ವತಂತ್ರ ನ್ಯಾಯಾಲಯವನ್ನಾಗಲಿ, ಅಧ್ಯಕ್ಷರನ್ನು ಎದುರಿಸಬಲ್ಲ ಸಂಸತ್ತನ್ನಾಗಲಿ ಬೆಳೆಯಲು ಬಿಡದವರು ಯಾರು? ಮೂವತ್ತೆಂಟು ವರ್ಷ ಆಳಿದವರೇ. ಅಧಿಕಾರವೆಲ್ಲ ಒಂದು ಕುರ್ಚಿಯಲ್ಲಿ ಸೇರಿದ್ದಾಗ ಆ ಕುರ್ಚಿಯಿಂದ ಎದ್ದವರಿಗೆ ಆಶ್ರಯ ಕೊಡುವ ಇನ್ನೊಂದು ಕಂಬ ಮನೆಯಲ್ಲಿ ಉಳಿದಿರಲಿಲ್ಲ.

ಉಳಿದದ್ದು ಪಕ್ಷ ಒಂದೇ. ಸೋವಿಯತ್ ಮಾದರಿಯಲ್ಲಿ ಪಕ್ಷ ದೊಡ್ಡದು, ಸರ್ಕಾರ ಅದರ ಕೈ. ಡೋಸ್ ಸಾಂಟೋಸ್ ಆ ಕಾಲದ ಶಿಕ್ಷಣ ಪಡೆದವರು, ಪಕ್ಷ ಕೈಯಲ್ಲಿದ್ದರೆ ಎಲ್ಲವೂ ಕೈಯಲ್ಲಿರುತ್ತದೆ ಎಂದು ನಂಬಿದ್ದರೆ ಆಶ್ಚರ್ಯವಿಲ್ಲ. ಆದರೆ ತೈಲದ ದುಡ್ಡು ಹರಿದ ವರ್ಷಗಳಲ್ಲಿ ಪಕ್ಷ ವಿಚಾರದ ಸಂಘಟನೆಯಾಗಿ ಉಳಿದಿರಲಿಲ್ಲ, ಹುದ್ದೆ ಹಂಚುವ ಜಾಲವಾಗಿತ್ತು. ಹಂಚುವ ಕೈ ಬದಲಾದ ದಿನವೇ ಜಾಲದ ನಿಷ್ಠೆಯೂ ಹೊಸ ಕೈಯ ಕಡೆ ಹೊರಳಿತು. ಮೇಕೆಯ ಗಾದೆ ಇಲ್ಲಿಯೂ ಕೆಲಸ ಮಾಡುತ್ತದೆ: ಹಗ್ಗ ಯಾರ ಕೈಯಲ್ಲಿದೆ ಎಂಬುದನ್ನು ಮೇಕೆಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಣದ ಒತ್ತಡವೂ ಇತ್ತು. ಖಜಾನೆ ಬರಿದಾಗಿತ್ತು, ವಿದೇಶಿ ಬ್ಯಾಂಕುಗಳು ಅಂಗೋಲಾಕ್ಕೆ ಡಾಲರ್ ಕೊಡುವುದನ್ನು ನಿಲ್ಲಿಸಿದ್ದವು. ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 2018ರ ಡಿಸೆಂಬರಿನಲ್ಲಿ 370 ಕೋಟಿ ಡಾಲರಿನ ಸಾಲ ಸಿಕ್ಕಿತು. ಹಿಂದಿನ ಅಧ್ಯಕ್ಷರ ಮಗಳೇ ತೈಲ ಕಂಪನಿಯ ಯಜಮಾನಿಯಾಗಿ ಮುಂದುವರಿದಿದ್ದರೆ ಆ ಮಾತುಕತೆ ಇಷ್ಟು ಸುಲಭವಾಗುತ್ತಿರಲಿಲ್ಲ. ಇದನ್ನು ನಾನು ಎರಡನೆಯ ಕಾರಣವಾಗಿ ಇಡುತ್ತೇನೆ, ಏಕೆಂದರೆ ಇಸಾಬೆಲ್ ಅವರನ್ನು ತೆಗೆದದ್ದು ಸಾಲಕ್ಕಿಂತ ಒಂದು ವರ್ಷ ಮುಂಚೆ.

ಜನರ ಪಾಲಿಗೆ ಬಂದದ್ದು

ಹೊಸ ಅಧ್ಯಕ್ಷರು ಆ ಅಂಗಿಯನ್ನು ಕತ್ತರಿಸಿ ಚಿಕ್ಕದು ಮಾಡಲಿಲ್ಲ, ತಾವೇ ತೊಟ್ಟುಕೊಂಡರು. 2021ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಯಿತು. ಅಧ್ಯಕ್ಷರ ನೇರ ಚುನಾವಣೆ ಮರಳಲಿಲ್ಲ. ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಸುವ ಭರವಸೆ ಮುಂದಕ್ಕೆ ಹೋಗುತ್ತಲೇ ಇತ್ತು. ಒಂದು ಡಾಲರಿಗೆ 2017ರ ಕೊನೆಯಲ್ಲಿ ಸುಮಾರು 166 ಕ್ವಾಂಜಾ ಇದ್ದದ್ದು 2020ರ ಕೊನೆಗೆ 650ರ ಆಸುಪಾಸಿಗೆ ಬಂತು. 2019ರ ಅಕ್ಟೋಬರಿನಿಂದ ಶೇ 14ರ ಮೌಲ್ಯವರ್ಧಿತ ತೆರಿಗೆ ಬಂತು. ಆರ್ಥಿಕತೆ 2016ರಿಂದ 2020ರವರೆಗೆ ಐದು ವರ್ಷ ಸತತವಾಗಿ ಕುಗ್ಗಿತು. ‘ಜುಂಗೇರಾ’ ಎಂದು ಕರೆಯುವ, ಬೀದಿ ಬೀದಿ ತಿರುಗಿ ಹಣ್ಣು ಮೀನು ಮಾರುವ ಹೆಂಗಸರನ್ನು ಪೊಲೀಸರು ಓಡಿಸುವುದು ನಿಲ್ಲಲಿಲ್ಲ. ಲೂಟಿಯಾದ 2,400 ಕೋಟಿ ಡಾಲರಿನ ಲೆಕ್ಕ ಕಿವಿಗೆ ಬಿದ್ದ ಅಂಥ ಹೆಂಗಸಿಗೆ ತನ್ನ ಪಾಲು ಎಲ್ಲಿ ಎಂದು ಕೇಳುವ ಹಕ್ಕಿದೆ. ಆ ಪ್ರಶ್ನೆಗೆ ಸರ್ಕಾರ ಕೊಟ್ಟ ಯಾವ ಉತ್ತರವೂ ನನಗೆ ಸಮಾಧಾನ ತಂದಿಲ್ಲ.

ಉತ್ತರ ಮತಪೆಟ್ಟಿಗೆಯಿಂದ ಬಂತು. 2022ರ ಆಗಸ್ಟ್ 24ರ ಚುನಾವಣೆಯಲ್ಲಿ ಎಂಪಿಎಲ್‌ಎ ಶೇ 51.17ಕ್ಕೆ ಇಳಿಯಿತು. ಅಡಾಲ್ಬರ್ಟೊ ಡ ಕೋಸ್ಟಾ ಜೂನಿಯರ್ ಅವರ ಮುಂದಾಳತ್ವದ ಯುನಿಟಾ ಶೇ 43.95ಕ್ಕೆ ಏರಿತು. ಲುವಾಂಡಾದಲ್ಲಿ ಯುನಿಟಾಗೆ ಶೇ 60ಕ್ಕೂ ಹೆಚ್ಚು ಮತ ಬಿತ್ತು. ಯುದ್ಧ ಕಾಲದ ನೆನಪಿಲ್ಲದ ಯುವಕರಿಗೆ ಸವಿಂಬಿಯ ಪಕ್ಷವೆಂಬ ಹೆದರಿಕೆ ಉಳಿದಿರಲಿಲ್ಲ. ಫಲಿತಾಂಶದಲ್ಲಿ ಅಕ್ರಮವಾಗಿದೆ ಎಂದು ಯುನಿಟಾ ಹೂಡಿದ ದಾವೆಯನ್ನು ಸಂವಿಧಾನ ನ್ಯಾಯಾಲಯ ತಳ್ಳಿಹಾಕಿತು. ನೋಂದಾಯಿತ ಮತದಾರರಲ್ಲಿ ಅರ್ಧಕ್ಕೂ ಹೆಚ್ಚು ಜನ ಮತ ಹಾಕಲೇ ಇಲ್ಲ.

ಆ ಮತದಾನದ ಹೊತ್ತಿಗೆ ಡೋಸ್ ಸಾಂಟೋಸ್ ಅವರ ಶವ ಲುವಾಂಡಾದಲ್ಲಿತ್ತು. ಅವರು ಜುಲೈ 8ರಂದು ಬಾರ್ಸಿಲೋನಾದಲ್ಲಿ ತಮ್ಮ 79ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಮಗಳು ಚಿಜೆ ಮರಣೋತ್ತರ ಪರೀಕ್ಷೆ ಆಗಬೇಕೆಂದು ನ್ಯಾಯಾಲಯಕ್ಕೆ ಹೋದರು. ಚುನಾವಣೆಗೆ ಮೊದಲು ದೇಹವನ್ನು ಲುವಾಂಡಾಕ್ಕೆ ಒಯ್ದು ಪಕ್ಷದ ಪ್ರಚಾರಕ್ಕೆ ಬಳಸಬಾರದೆಂದು ಪಟ್ಟು ಹಿಡಿದರು. ಪತ್ನಿ ಅನಾ ಪಾವುಲಾ ಇನ್ನೊಂದು ಕಡೆ ನಿಂತರು. ಆರು ವಾರ ದೇಹ ಸ್ಪೇನಿನಲ್ಲೇ ಇತ್ತು. ಸಾವು ಸಹಜವೆಂದು ತಿಳಿದ ಮೇಲೆ ನ್ಯಾಯಾಲಯ ಪತ್ನಿಗೆ ಒಪ್ಪಿಸಿತು. ಆಗಸ್ಟ್ 20ರಂದು ವಿಮಾನ ಲುವಾಂಡಾದಲ್ಲಿ ಇಳಿಯಿತು, ಮತದಾನಕ್ಕೆ ನಾಲ್ಕು ದಿನ ಮೊದಲು. ಆಗಸ್ಟ್ 28ರಂದು, ಅವರು ಬದುಕಿದ್ದರೆ ಎಂಬತ್ತು ತುಂಬುತ್ತಿದ್ದ ದಿನ, ಲೊರೆನ್ಸೊ ಸರ್ಕಾರ ಸಕಲ ಗೌರವಗಳೊಂದಿಗೆ ಅಂತ್ಯಸಂಸ್ಕಾರ ನಡೆಸಿತು. ಇಸಾಬೆಲ್ ಮತ್ತು ಚಿಜೆ ಬರಲಿಲ್ಲ. ತಂದೆಯ ಅಂತ್ಯಕ್ರಿಯೆಗೆ ಮಕ್ಕಳು ತಾಯ್ನಾಡಿಗೆ ಕಾಲಿಡಲು ಆಗದೇ ಹೋದದ್ದನ್ನು ಯಾವ ರಾಜಕೀಯ ಲೆಕ್ಕಕ್ಕೂ ಸೇರಿಸಲು ನನಗೆ ಮನಸ್ಸು ಬರುವುದಿಲ್ಲ.

2025ರ ಮೇ ತಿಂಗಳಲ್ಲಿ ಲೊರೆನ್ಸೊ ದೆಹಲಿಗೆ ಬಂದಿದ್ದರು. ಅಂಗೋಲಾದ ಅಧ್ಯಕ್ಷರೊಬ್ಬರು ಭಾರತಕ್ಕೆ ಬಂದದ್ದು ಮೂವತ್ತೆಂಟು ವರ್ಷಗಳ ನಂತರ; ಹಿಂದೆ ಬಂದವರು ಡೋಸ್ ಸಾಂಟೋಸ್. ಅದೇ ವರ್ಷದ ಜುಲೈ ಕೊನೆಯಲ್ಲಿ ಡೀಸೆಲ್ ದರ ಲೀಟರಿಗೆ 300ರಿಂದ 400 ಕ್ವಾಂಜಾಕ್ಕೆ ಏರಿದ್ದಕ್ಕೆ ಲುವಾಂಡಾದ ಮಿನಿಬಸ್ ಚಾಲಕರು ಮುಷ್ಕರ ಹೂಡಿದರು, ಅಂಗಡಿಗಳ ಲೂಟಿಯಾಯಿತು, ಗೋಲಿಬಾರಾಯಿತು. ಸರ್ಕಾರವೇ ಒಪ್ಪಿಕೊಂಡ ಲೆಕ್ಕದಲ್ಲಿ ಸತ್ತವರು 30 ಜನ.

ಸಂವಿಧಾನದ ಪ್ರಕಾರ ಯಾರಿಗೂ ಎರಡೇ ಅವಧಿ. ಲೊರೆನ್ಸೊ ಅವರ ಎರಡನೆಯದು 2027ರಲ್ಲಿ ಮುಗಿಯುತ್ತದೆ. ಎಂಪಿಎಲ್‌ಎ 2024ರ ಡಿಸೆಂಬರಿನಲ್ಲಿ ಇನ್ನೊಂದು ವಿಶೇಷ ಮಹಾಧಿವೇಶನ ಕರೆದು ತನ್ನ ನಿಯಮಾವಳಿಯನ್ನು ತಿದ್ದಿತು. ಪಕ್ಷದ ಅಧ್ಯಕ್ಷರೇ ದೇಶದ ಅಧ್ಯಕ್ಷ ಪದವಿಗೆ ಅಭ್ಯರ್ಥಿಯಾಗಬೇಕೆಂಬ ಕಟ್ಟು ಈಗ ಸಡಿಲವಾಗಿದೆ. ಅವರು 2027ರಲ್ಲಿ ಕುರ್ಚಿ ಬಿಟ್ಟು ಪಕ್ಷವನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವುದಾದರೆ ನಿಯಮದ ಅಡ್ಡಿ ಇಲ್ಲ.